ಲೆನ್ಸಿನ ರೇಟು ಹೇಳುವ ಮೊದಲು ನಮ್ಮ ಕೆಲಸ ಏನು ಅಂತ ಕೇಳಿ

ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ನಮ್ಮ ಜಿಲ್ಲೆಯವರಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡುವ ಎಲ್ಲ ಆಸ್ಪತ್ರೆಗಳವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ರಾತ್ರಿ ಎಂಟು ಗಂಟೆಗೆ ಮಡಿಕೇರಿಯಿಂದ ಜೀಪಿನಲ್ಲಿ ಮನೆಗೆ ಬರುತ್ತಿದ್ದೇನೆ ಅಂತ ಇಟ್ಟುಕೊಳ್ಳಿ. ಮೇಕೇರಿ ದಾಟಿದ ಮೇಲೆ ಮಂಜು. ಎದುರಿನಿಂದ ಒಂದು ಪಿಕಪ್ ಬರುತ್ತದೆ. ನಿಮಗೆ ಅದರ ಎರಡು ಹೆಡ್‌ಲೈಟು ಕಾಣುತ್ತದೆ. ನನ್ನ ಬಲಗಣ್ಣಿಗೆ ಎರಡು ರಂಗೋಲಿ ಕಾಣುತ್ತದೆ. ನಡುವೆ ಉರಿಯುವ ಚುಕ್ಕಿ, ಸುತ್ತ ಒಂದು ಉಂಗುರ, ಅದರಾಚೆ ಇನ್ನೊಂದು ಉಂಗುರ. ಗಾಡಿ ದಾಟಿ ಹೋಗುವವರೆಗೆ ರಸ್ತೆಯ ಅಂಚು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ನಮ್ಮ ಕಡೆ ರಸ್ತೆಯ ಅಂಚಿನ ಆಚೆ ಏನಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇದು ಪೊರೆ ಬಂದ ಕಣ್ಣಲ್ಲ. ಪೊರೆ ತೆಗೆಸಿ, ಆಸ್ಪತ್ರೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದ ಲೆನ್ಸ್ ಹಾಕಿಸಿಕೊಂಡ ಕಣ್ಣು.

ಎಡಗಣ್ಣಿನ ಆಪರೇಷನ್ ಒಂದೂವರೆ ವರ್ಷ ಬಿಟ್ಟು, ಬೇರೆ ಕಡೆ ಆಯಿತು. ಅದಕ್ಕೆ ಹಾಕಿದ ಲೆನ್ಸಿನ ಬೆಲೆ ಮೊದಲನೆಯದರ ಅರ್ಧವೂ ಇಲ್ಲ. ಈಗ ರಾತ್ರಿ ಗಾಡಿ ಓಡಿಸುವುದು ಅದೇ ಕಣ್ಣಿನ ಧೈರ್ಯದ ಮೇಲೆ.

ನಾನು ಚೇರಂಬಾಣೆ ಕಡೆಯವನು. ವಯಸ್ಸು 67. ಆರು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ಎರಡು ಹಸು, ಒಂದು ಹಳೆಯ ಜೀಪು. ಮೊದಲ ಆಪರೇಷನ್ ಮಾಡಿದ ಆಸ್ಪತ್ರೆ ಕೊಡಗಿನದ್ದಲ್ಲ, ಹೊರಗಿನ ದೊಡ್ಡ ಊರಿನದ್ದು. ಹೆಸರು ಬೇಡ. ಡಾಕ್ಟರ ಕೈ ತುಂಬಾ ಚೆನ್ನಾಗಿತ್ತು. ಹನಿ ಹಾಕಿ ಕಣ್ಣು ಮರಗಟ್ಟಿಸಿದರು. ಒಂದು ಬೆಳಕು ಕಂಡಿತು, ನೀರು ಹರಿದ ಹಾಗಾಯಿತು, ಕಾಲು ಗಂಟೆಯಲ್ಲಿ ಮುಗಿಯಿತು. ನೋವು ಅನ್ನುವುದೇ ಇಲ್ಲ. ತಪ್ಪಾದದ್ದು ಅದಕ್ಕೂ ಮೊದಲು, ಒಂದು ಮೇಜಿನ ಎದುರು.

ಆ ಮೇಜಿನ ಕಥೆ ಹೇಳಿಬಿಡುತ್ತೇನೆ. ಪರೀಕ್ಷೆಗೆ ಅಂತ ಹನಿ ಹಾಕಿ ಪಾಪೆ ಅಗಲ ಮಾಡಿದ್ದರು. ಹಾಗೆ ಮಾಡಿದರೆ ನಾಲ್ಕೈದು ಗಂಟೆ ಹತ್ತಿರದ್ದು ಏನೂ ಸರಿಯಾಗಿ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಆ ಸ್ಥಿತಿಯಲ್ಲಿ ನನ್ನನ್ನು ಕೂರಿಸಿ, ಕೈಗೆ ಒಂದು ಹೊಳೆಯುವ ಕಾರ್ಡ್ ಕೊಟ್ಟರು. ಲೆನ್ಸಿನ ಹೆಸರು, ಬೆಲೆ, ಎಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಪೊರೆ ಬಂದವನ ಕಣ್ಣಿಗೆ ಹನಿಯನ್ನೂ ಹಾಕಿ, ಓದಿ ಆರಿಸಿಕೊಳ್ಳಿ ಅನ್ನುವುದು! ಆಗ ನಗು ಬರಲಿಲ್ಲ, ಈಗ ಬರುತ್ತದೆ. ಎದುರಿಗಿದ್ದ ಹುಡುಗಿ ಬಹಳ ಮರ್ಯಾದೆಯವಳು. 'ಸರ್, ಇದು ಬೇಸಿಕ್. ಇದು ಪ್ರೀಮಿಯಂ. ಇದು ಹಾಕಿಸಿಕೊಂಡರೆ ಇನ್ನು ಜೀವಮಾನದಲ್ಲಿ ಕನ್ನಡಕವೇ ಬೇಡ' ಅಂದಳು. ಬೆಂಗಳೂರಿನಿಂದ ಮಗ ಫೋನಿನಲ್ಲಿ, 'ಅಪ್ಪ, ಕಣ್ಣಿನ ವಿಷಯ, ದುಡ್ಡಿನ ಮುಖ ನೋಡಬೇಡಿ' ಅಂದ. ಬೇಸಿಕ್ ಅಂದರೆ ಕಳಪೆ ಅಂತ ನನ್ನ ತಲೆಗೆ ಹೊಳೆಯಿತು. ಸಹಿ ಹಾಕಿದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಒಂದು ಟ್ರಾಕ್ಟರ್ ಟೈರು ಕೊಳ್ಳುವಾಗ ಇದಕ್ಕಿಂತ ಜಾಸ್ತಿ ಪ್ರಶ್ನೆ ಕೇಳುತ್ತೇನೆ ನಾನು.

ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಾತ್ರಿ ಗಾಡಿ ಓಡಿಸುತ್ತೀರಾ? ಯಾವ ರಸ್ತೆಯಲ್ಲಿ? ದಿನವಿಡೀ ಏನು ನೋಡುತ್ತೀರಿ? ಇದನ್ನು ಕೇಳಿದ್ದರೆ ಈ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ನಾನು ಡಾಕ್ಟರಲ್ಲ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ನನ್ನಂಥವರಿಗೆ ಗೊತ್ತಾಗುವ ಹಾಗೆ ಹೇಳುತ್ತೇನೆ. ನಮ್ಮ ಕಣ್ಣಿನೊಳಗೆ ಹುಟ್ಟಿನಿಂದ ಬಂದ ಒಂದು ಲೆನ್ಸ್ ಇದೆ. ವಯಸ್ಸಾದಂತೆ ಅದು ಮಬ್ಬಾಗುತ್ತದೆ. ಅದೇ ಪೊರೆ. ಸಕ್ಕರೆ ಕಾಯಿಲೆ ಇದ್ದರೆ, ಸ್ಟೀರಾಯ್ಡ್ ಔಷಧಿ ಬಹಳ ದಿನ ತೆಗೆದುಕೊಂಡಿದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಬೇಗ ಬರುತ್ತದೆ. ಹೊರಗಿನಿಂದ ಹನಿ ಹಾಕಿ ಕರಗಿಸುವ ಔಷಧಿ ಇಲ್ಲ. ಆಪರೇಷನ್ ಒಂದೇ ದಾರಿ. ಕಾಫಿ ಹಣ್ಣಿನ ತುದಿಯಲ್ಲಿ ಸಣ್ಣ ತೂತು ಮಾಡಿ, ಸಿಪ್ಪೆ ಹರಿಯದ ಹಾಗೆ ಒಳಗಿನ ಬೀಜ ತೆಗೆದು, ಅದೇ ಸಿಪ್ಪೆಯ ಚೀಲದಲ್ಲಿ ಬೇರೆ ಬೀಜ ಕೂರಿಸಿದ ಹಾಗೆ ಅದು. ಶಿಬಿರಗಳಲ್ಲಿ ಹೆಚ್ಚಾಗಿ 6–7 ಮಿ.ಮೀ. ಕೊಯ್ದು, ಹೊಲಿಗೆ ಇಲ್ಲದೆ ಮಾಡುತ್ತಾರೆ. ಫೇಕೋ ಅಂದರೆ 3 ಮಿ.ಮೀ.ಗಿಂತಲೂ ಚಿಕ್ಕ ತೂತು. ಪೊರೆಯನ್ನು ಒಳಗೇ ಪುಡಿ ಮಾಡಿ ಹೀರುತ್ತಾರೆ, ಲೆನ್ಸನ್ನು ಮಡಚಿ ಒಳಗೆ ಬಿಡುತ್ತಾರೆ. ಪುಡಿ ಮಾಡುವುದು ಲೇಸರ್ ಅಂತ ಊರಿನಲ್ಲಿ ಎಲ್ಲರೂ ತಿಳಿದಿದ್ದಾರೆ. ಅಲ್ಲ, ಅದು ಅಲ್ಟ್ರಾಸೌಂಡ್ ಕಂಪನ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಎಂಬ ಡಾಕ್ಟರ್ ತೋರಿಸಿಕೊಟ್ಟದ್ದು. ಲೇಸರ್ ಬಳಸುವ ವಿಧಾನ ಬೇರೆಯೇ ಇದೆ, ಅದಕ್ಕೆ ದುಡ್ಡೂ ಬೇರೆ. ಆದರೆ ಕೊನೆಯಲ್ಲಿ ಕಣ್ಣು ಎಷ್ಟು ಕಾಣುತ್ತದೆ ಅನ್ನುವುದರಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಈಗ ಲೆನ್ಸಿಗೆ ಬರುತ್ತೇನೆ. ಸಾದಾ ಲೆನ್ಸಿಗೆ ಮೋನೋಫೋಕಲ್ ಅನ್ನುತ್ತಾರೆ. ಅದು ಒಂದೇ ದೂರಕ್ಕೆ ಹೊಂದಿಕೊಂಡಿರುತ್ತದೆ. ಸಾಮಾನ್ಯವಾಗಿ ದೂರಕ್ಕೆ ಇಡುತ್ತಾರೆ. ಆಗ ಓದಲು ಕನ್ನಡಕ ಬೇಕು. ನನ್ನ ಬಲಗಣ್ಣಿಗೆ ಹಾಕಿದ್ದು ಮಲ್ಟಿಫೋಕಲ್. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಂಗುರಗಳಿರುತ್ತವೆ. ಬಂದ ಬೆಳಕನ್ನು ಅವು ಪಾಲು ಮಾಡುತ್ತವೆ. ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ, ಕೆಲವದರಲ್ಲಿ ನಡುವಿಗೂ ಒಂದು ಪಾಲು. ಆಸ್ತಿ ಪಾಲಾದ ಮನೆಯ ಹಾಗೆಯೇ. ಎಲ್ಲರಿಗೂ ಸಿಗುತ್ತದೆ, ಆದರೆ ಯಾರಿಗೂ ಪೂರ್ತಿ ಸಿಗುವುದಿಲ್ಲ. ಹಗಲು ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಮುಸ್ಸಂಜೆ, ಮಂಜು, ಜಡಿಮಳೆ ಇರುವಾಗ ಬೂದು ಬಣ್ಣದ ಮೇಲೆ ಬೂದು ಬಣ್ಣ ಬೇರೆಯಾಗಿ ಕಾಣುವುದಿಲ್ಲ. ರಾತ್ರಿಯಲ್ಲಿ ದೀಪದ ಸುತ್ತ ಉಂಗುರ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮಿದುಳು ಒಗ್ಗಿಕೊಳ್ಳುತ್ತದಂತೆ. ನನಗೂ ಮೊದಲಿಗಿಂತ ಕಡಿಮೆಯಾಗಿದೆ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಂಜು ಮಳೆ ಇರುವ ಊರಿನಲ್ಲಿ, ತಿರುವಿನ ಮೇಲೆ ತಿರುವು ಇರುವ ರಸ್ತೆಯಲ್ಲಿ, ಒಗ್ಗಿಕೊಳ್ಳುವವರೆಗೆ ಗಾಡಿ ಯಾರು ಓಡಿಸಬೇಕು?

ಲೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮೂರಿನಲ್ಲೇ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಎರಡೂ ಕಣ್ಣಿಗೆ ಇಂಥದೇ ಹಾಕಿಸಿಕೊಂಡಿದ್ದಾರೆ. ಗಾಡಿ ಮುಟ್ಟಿದವರಲ್ಲ. ರಾತ್ರಿ ಏಳರ ಮೇಲೆ ಹೊಸ್ತಿಲು ದಾಟುವವರಲ್ಲ. ಬೆಳಿಗ್ಗೆ ಮೂರು ಪೇಪರು, ಮಧ್ಯಾಹ್ನ ಪುಸ್ತಕ, ಸಂಜೆ ಮೊಬೈಲು. ಕನ್ನಡಕವನ್ನು ಮೊಮ್ಮಗನಿಗೆ ಆಟಕ್ಕೆ ಕೊಟ್ಟಿದ್ದಾರೆ. ಅವರ ಬದುಕಿಗೆ ಸರಿಯಾದ ಲೆನ್ಸ್ ಅದು. ನನ್ನ ಬದುಕಿಗೆ ಅಲ್ಲ, ಅಷ್ಟೇ.

ಇನ್ನೊಂದು ಕಡೆ ನನ್ನ ಅಕ್ಕ. ಉಚಿತ ಶಿಬಿರದಲ್ಲಿ ತೋರಿಸಿ, ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿ, ಮರುದಿನ ಬಿಟ್ಟುಹೋದರು. ಸಾದಾ ಲೆನ್ಸ್. ಈಗ ಅಂಗಳದಲ್ಲಿ ನಿಂತು ಗುಡ್ಡದ ಮೇಲಿನ ಮನೆಯಲ್ಲಿ ಯಾರು ಬಟ್ಟೆ ಒಣಗಿಸುತ್ತಿದ್ದಾರೆ ಅಂತ ಹೇಳುತ್ತಾಳೆ. ಅಕ್ಕಿ ಆರಿಸಲು ಮಾತ್ರ ಸಂತೆಯಲ್ಲಿ ತಂದ ಕನ್ನಡಕ. 'ನಿನಗೆ ದುಡ್ಡು ಜಾಸ್ತಿ ಆಗಿತ್ತು ಮಾರಾಯ' ಅಂತ ನನ್ನನ್ನು ನೋಡಿ ನಗುತ್ತಾಳೆ.

ಉಚಿತವಾಗಿ ಹಾಕಿದ್ದು ಕಳಪೆಯಾಗಿರುತ್ತದೆ ಅನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಬಹಳ ಓಡಾಡುತ್ತದೆ. ಈ ಮಾತಿಗೆ ನೀವೇ ಬಾಯಿಬಿಟ್ಟು ಉತ್ತರ ಹೇಳಬೇಕು. ಈ ಲೆನ್ಸಿನ ಕಥೆ ಶುರುವಾದದ್ದೇ ಸಾದಾ ಪ್ಲಾಸ್ಟಿಕ್ಕಿನಿಂದ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಹೊದಿಕೆ ಒಡೆದು ಪೈಲಟ್‌ಗಳ ಕಣ್ಣಿನೊಳಗೆ ಚೂರು ಹೊಕ್ಕಿತ್ತು. ಆ ಚೂರು ಒಳಗಿದ್ದರೂ ಕಣ್ಣು ಅದನ್ನು ಸಹಿಸಿಕೊಂಡಿತ್ತು. ಇದನ್ನು ಗಮನಿಸಿದ ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್‌ನಲ್ಲಿ ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸ್ ಮಾಡಿಸಿ ಮನುಷ್ಯರ ಕಣ್ಣಿಗೆ ಮೊದಲ ಬಾರಿ ಹಾಕಿದರು. ಆಮೇಲೆ ಎಷ್ಟೋ ವರ್ಷ ಅದು ನಮ್ಮ ದೇಶದ ಬಡವರ ಕೈಗೆಟುಕಲಿಲ್ಲ, ಹೊರಗಿನಿಂದ ತರಿಸಬೇಕಿತ್ತು. ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಅಂತ ತಮ್ಮದೇ ಕಾರ್ಖಾನೆ ಶುರು ಮಾಡಿದ ಮೇಲೆ ಬೆಲೆ ನೆಲಕ್ಕಿಳಿಯಿತು. ಆ ಲೆನ್ಸ್ ಈಗ ಹೊರದೇಶಗಳಿಗೂ ಹೋಗುತ್ತದೆ. ಬೆಲೆ ಕಡಿಮೆಯಾದದ್ದು ಮಾಲು ಕೆಟ್ಟದ್ದು ಅಂತ ಅಲ್ಲ, ಇಲ್ಲೇ ಮಾಡಿದ್ದರಿಂದ.

ಲೆನ್ಸೇ ಇಲ್ಲದ ಕಾಲವನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಅಜ್ಜನಿಗೆ ಒಂದು ದೊಡ್ಡ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಸಾಮೂಹಿಕ ಶಿಬಿರ ಮಾಡುತ್ತಿದ್ದ ಕಾಲ ಅದು. ಪೊರೆ ತೆಗೆಯುವುದಷ್ಟೇ, ಒಳಗೆ ಏನೂ ಹಾಕುತ್ತಿರಲಿಲ್ಲ. ಬದಲಿಗೆ ಸೋಡಾಬುಡ್ಡಿ ಕನ್ನಡಕ. ಆ ದಪ್ಪ ಗಾಜಿನಲ್ಲಿ ಎಲ್ಲವೂ ಕಾಲು ಭಾಗ ದೊಡ್ಡದಾಗಿ, ಹತ್ತಿರ ಇದ್ದ ಹಾಗೆ ಕಾಣುತ್ತದೆ. ಅಜ್ಜ ಮೆಟ್ಟಿಲು ಇಳಿಯುವಾಗ ಕಾಲನ್ನು ಗಾಳಿಯಲ್ಲಿ ತಡಕಾಡುತ್ತಿದ್ದರು. ಕಾಫಿ ಲೋಟಕ್ಕೆ ಕೈ ಚಾಚಿದರೆ ಲೋಟದ ಈಚೆಗೇ ಬೆರಳು ಮುಚ್ಚುತ್ತಿತ್ತು. ಆದರೂ ಆ ಕನ್ನಡಕವನ್ನು ರಾತ್ರಿ ತಲೆದಿಂಬಿನ ಕೆಳಗೆ, ಬಂದೂಕಿನ ತೋಟೆಯ ಹಾಗೆ ಜೋಪಾನವಾಗಿ ಇಡುತ್ತಿದ್ದರು. ಅವರ ಮುಂದೆ ಇವತ್ತಿನ ಉಚಿತ ಲೆನ್ಸ್ ಇಟ್ಟು 'ಬೇಸಿಕ್' ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಎಡಗಣ್ಣಿನ ಕಥೆಯೇ ಬೇರೆ. ಎರಡನೇ ಸಲ ತೋರಿಸಿದ್ದು ಒಬ್ಬ ವಯಸ್ಸಾದ ಲೇಡಿ ಡಾಕ್ಟರ್ ಹತ್ತಿರ. ಅವರು ಲೆನ್ಸಿನ ಮಾತೇ ಎತ್ತಲಿಲ್ಲ. ಮೊದಲು ಕೇಳಿದ್ದು, 'ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಏನೇನು ಮಾಡುತ್ತೀರಿ ಹೇಳಿ.' ಹೇಳಿದೆ. ಹಾಲು ಕರೆಯುವುದು, ತೋಟ ಸುತ್ತುವುದು, ಲೆಕ್ಕ ಬರೆಯುವುದು, ವಾರಕ್ಕೆ ಮೂರು ರಾತ್ರಿಯಾದರೂ ಗಾಡಿ. ಮೆಣಸು ಕೊಯ್ಲಿನಲ್ಲಿ ಏಣಿ ಹತ್ತುತ್ತೀರಾ ಅಂತಲೂ ಕೇಳಿದರು. ನಾನು ಸುಳ್ಳು ಹೇಳಿದೆ, ಇಲ್ಲ ಅಂತ. ಹೆಂಡತಿ ಪಕ್ಕದಲ್ಲೇ ಇದ್ದಳು, ಸುಳ್ಳು ಉಳಿಯಲಿಲ್ಲ. ಆಮೇಲೆ ಮಾತ್ರೆಗಳ ಪಟ್ಟಿ ನೋಡಿದರು. ಪ್ರಾಸ್ಟೇಟ್‌ಗೆ ಅಂತ ನಾನು ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತೇನೆ. ಅದು ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡುತ್ತದಂತೆ, ಆಪರೇಷನ್ ನಡುವೆ ತೊಂದರೆ ಕೊಡುತ್ತದಂತೆ. ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿರುತ್ತಾರೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ನಮ್ಮಲ್ಲಿ ಯಾರು ತಾನಾಗಿ ಹೇಳುತ್ತಾರೆ? ಕೇಳಿದರೆ ತಾನೇ ಹೊರಬರುವುದು.

ಅಳತೆ ತೆಗೆಯುವುದಕ್ಕೂ ಅವರು ಬಹಳ ಹೊತ್ತು ತೆಗೆದುಕೊಂಡರು. ಎರಡು ಸಲ ಮಾಡಿಸಿದರು. ಕಾರಣ ಕೇಳಿದೆ. ಕಣ್ಣುಗುಡ್ಡೆಯ ಉದ್ದ ಸುಮಾರು 23–24 ಮಿ.ಮೀ. ಅದರಲ್ಲಿ 1 ಮಿ.ಮೀ. ತಪ್ಪಿದರೆ ಲೆನ್ಸಿನ ನಂಬರಿನಲ್ಲಿ ಎರಡೂವರೆಯಷ್ಟು ತಪ್ಪುತ್ತದೆ ಅಂದರು. ಅಂದರೆ, ಅಳತೆ ಕೆಟ್ಟರೆ ಎಂಥ ದುಬಾರಿ ಲೆನ್ಸೂ ನೀರಲ್ಲಿ ಹೋಮ. ರೇಟ್ ಕಾರ್ಡಿನಲ್ಲಿ ಇದರ ಬಗ್ಗೆ ಒಂದು ಸಾಲು ಇರುವುದಿಲ್ಲ ನೋಡಿ.

ಅಳತೆಯಲ್ಲಿ ನನ್ನ ಎಡಗಣ್ಣಿಗೆ ಸಿಲಿಂಡರ್ ನಂಬರ್ ಜಾಸ್ತಿ ಇದೆ ಅಂತ ಗೊತ್ತಾಯಿತು. ಕಣ್ಣಿನ ಮುಂಭಾಗ ಚೆಂಡಿನ ಹಾಗೆ ಗುಂಡಗಿರದೆ ಒಂದು ಕಡೆ ಅದುಮಿದ ಹಾಗಿರುತ್ತದೆ. ಸಾದಾ ಲೆನ್ಸ್ ಇದನ್ನು ಸರಿ ಮಾಡುವುದಿಲ್ಲ. ಅದಕ್ಕೆ ಟೋರಿಕ್ ಅಂತ ಬೇರೆ ಬರುತ್ತದೆ. ಸಾದಾದಕ್ಕಿಂತ ದುಡ್ಡು ಹೆಚ್ಚು, ಮಲ್ಟಿಫೋಕಲ್‌ಗಿಂತ ಕಡಿಮೆ. 'ನೀವು ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ' ಅಂದರು ಡಾಕ್ಟರು. ಅದನ್ನು ಸರಿಯಾದ ಕೋನಕ್ಕೆ ಕೂರಿಸಬೇಕಂತೆ, 1 ಡಿಗ್ರಿ ತಿರುಗಿದರೂ ಶೇ 3ರಷ್ಟು ಪರಿಣಾಮ ಹೋಗುತ್ತದಂತೆ. ಅದಕ್ಕೇ ಆಪರೇಷನ್ ಮೊದಲು ಕೂರಿಸಿ ಕಣ್ಣಿನ ಮೇಲೆ ಶಾಯಿಯಲ್ಲಿ ಗುರುತು ಹಾಕಿದರು. ಬಡಗಿ ಮರಕ್ಕೆ ಗೆರೆ ಎಳೆದ ಹಾಗೆ.

ಮರುದಿನ ಪಟ್ಟಿ ಬಿಚ್ಚಿದಾಗ ಆ ಕಣ್ಣಿಗೆ ಮೊದಲು ಕಂಡದ್ದು ನನ್ನದೇ ಬಿಳಿ ಪಂಚೆ. ಎಷ್ಟು ವರ್ಷದಿಂದ ಅದನ್ನು ಕೆನೆ ಬಣ್ಣ ಅಂದುಕೊಂಡಿದ್ದೆನೋ.

ನಮ್ಮ ಅತ್ತಿಗೆಯ ವಿಷಯವನ್ನೂ ಹೇಳಲೇಬೇಕು. ಅವರು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹುಟ್ಟಿನಿಂದಲೂ ಮೈನಸ್ ನಂಬರ್. ದೂರಕ್ಕೆ ಕನ್ನಡಕ, ಸೂಜಿಗೆ ದಾರ ಪೋಣಿಸಲು ಬರಿಗಣ್ಣು. ಅಂಥವರಿಗೆ ಲೆನ್ಸನ್ನು ದೂರಕ್ಕೆ ಇಟ್ಟುಬಿಟ್ಟರೆ ಜೀವನವಿಡೀ ಬರಿಗಣ್ಣಿನಲ್ಲಿ ಮಾಡಿದ ಕೆಲಸಕ್ಕೆ ಇದ್ದಕ್ಕಿದ್ದ ಹಾಗೆ ಕನ್ನಡಕ ಬೇಕಾಗುತ್ತದೆ. ಸಾದಾ ಲೆನ್ಸನ್ನೇ ಹತ್ತಿರಕ್ಕೂ ಇಡಬಹುದು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ? ಒಂದು ಕಣ್ಣು ದೂರಕ್ಕೆ, ಒಂದು ಕಣ್ಣು ಹತ್ತಿರಕ್ಕೆ ಇಡುವುದೂ ಉಂಟು, ಕೆಲವರಿಗೆ ಅದು ಒಗ್ಗುತ್ತದೆ. ಇದಕ್ಕೆಲ್ಲ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಬೇಕಾದದ್ದು ಒಂದು ಪ್ರಶ್ನೆ ಮಾತ್ರ. ಅತ್ತಿಗೆ ಕೇಳಿ, ಹತ್ತಿರಕ್ಕೇ ಇಡಿಸಿಕೊಂಡರು. ಹೊಲಿಗೆ ಮುಂದುವರಿದಿದೆ.

ಮಾನ್ಯರೇ, ಕೊಡಗಿನ ಇನ್ನೊಂದು ಕಷ್ಟ ಇದೆ. ಇಲ್ಲಿ ಕಣ್ಣಿನ ಆಪರೇಷನ್‌ಗೆ ಒಳ್ಳೆಯ ತಿಂಗಳು ಅನ್ನುವುದೇ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು, ಕಕ್ಕಡ ತಿಂಗಳು ಕಳೀಲಿ. ಕಕ್ಕಡ ಕಳೆದರೆ ಕೈಲ್‌ಪೊಳ್ದ್ ಹಬ್ಬ ಆಗಲಿ. ಆಮೇಲೆ ಕಾವೇರಿ ತೀರ್ಥ, ಹುತ್ತರಿ. ಅಷ್ಟು ಹೊತ್ತಿಗೆ ಅರೇಬಿಕಾ ಹಣ್ಣು. ಅದು ಮುಗಿದರೆ ರೊಬಸ್ಟಾ, ಒಳ್ಳೆಮೆಣಸು. ಮಾರ್ಚ್‌ನಲ್ಲಿ ಹೂಮಳೆಗೆ ಆಕಾಶ ನೋಡಬೇಕು. ಏಪ್ರಿಲ್ ಮೇಯಲ್ಲಿ ಮದುವೆಗಳು. ಮತ್ತೆ ಮಳೆ. ಇದರ ಜೊತೆಗೆ 'ಪೊರೆ ಇನ್ನೂ ಹಣ್ಣಾಗಲಿ' ಅನ್ನುವ ಹಿರಿಯರ ಮಾತು. ಪೊರೆಯನ್ನು ಇಡಿಯಾಗಿ ತೆಗೆಯುತ್ತಿದ್ದ ಕಾಲದ ಮಾತು ಅದು. ಈಗ ಹಾಗಿಲ್ಲ. ಗಟ್ಟಿಯಾದಷ್ಟೂ ಪುಡಿ ಮಾಡುವುದು ಕಷ್ಟ, ಕಣ್ಣಿಗೂ ಪೆಟ್ಟು ಜಾಸ್ತಿ. ಕಾಫಿ ಹಣ್ಣಿನ ಲೆಕ್ಕ ಕಣ್ಣಿಗೆ ಹಾಕಬಾರದು ಅಂತ ಯಾರಾದರೂ ಸಂತೆಯಲ್ಲಿ ಮೈಕ್ ಹಿಡಿದು ಹೇಳಬೇಕು.

ತೋಟದ ಲೈನ್ ಮನೆಗಳಲ್ಲಿ ಇರುವವರ ಗತಿ ಇನ್ನೂ ಕಷ್ಟ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುತ್ತಾರೆ. ತೋಟದೊಳಗೆ ಆನೆ. ಆನೆ ಎಷ್ಟೇ ದೊಡ್ಡದಿರಲಿ, ನಸುಕಿನ ನೆರಳಿನಲ್ಲಿ ಕಾಫಿ ಗಿಡದ ನಡುವೆ ನಿಂತರೆ ಚೆನ್ನಾಗಿರುವ ಕಣ್ಣಿಗೇ ಕಾಣುವುದಿಲ್ಲ. ಪೊರೆ ಬಂದ ಕಣ್ಣಿಗೆ ಅದು ಇನ್ನೊಂದು ನೆರಳು ಅಷ್ಟೇ. ಆನೆಯ ಬಗ್ಗೆ ಎಷ್ಟೋ ಸಭೆ ಆಗುತ್ತದೆ. ಆ ದಾರಿಯಲ್ಲಿ ನಡೆಯುವವರ ಕಣ್ಣು ಪರೀಕ್ಷೆಯ ಮಾತು ಯಾವ ಸಭೆಯಲ್ಲೂ ನನ್ನ ಕಿವಿಗೆ ಬಿದ್ದಿಲ್ಲ. ದೇಶದ ಸಮೀಕ್ಷೆಯೊಂದು 2015ರಿಂದ 2019ರವರೆಗೆ ನಡೆಯಿತು. 50 ದಾಟಿದವರ ಕುರುಡುತನಕ್ಕೆ ಶೇ 66ರಷ್ಟು ಕಾರಣ ಪೊರೆಯೇ ಅಂತ ಅದರಲ್ಲಿ ಬಂದಿದೆ. ಅಂದರೆ ಕಾಲು ಗಂಟೆಯಲ್ಲಿ ವಾಪಸ್ ತರಬಹುದಾದ ಕಣ್ಣುಗಳು.

ಈಗ ನಾನು ಕೇಳುವುದು. ಬಹಳ ಏನೂ ಇಲ್ಲ.

ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ. ದೊಡ್ಡ ಅಕ್ಷರ, ಒಂದೇ ಪುಟ. ಪೊರೆ ಇದೆ ಅಂತ ಗೊತ್ತಾದ ದಿನವೇ ಅದು ಮನೆಗೆ ಹೋಗಬೇಕು, ಕಣ್ಣಿಗೆ ಹನಿ ಹಾಕಿ ಕೂರಿಸಿದ ಮೇಲೆ ಅಲ್ಲ. ಅದರಲ್ಲಿ ಬೆಲೆ ಬೇಡ, ಪ್ರಶ್ನೆ ಇರಲಿ. ರಾತ್ರಿ ಗಾಡಿ ಓಡಿಸುತ್ತೀರಾ. ಕೈಕೆಲಸ ಎಷ್ಟು ದೂರದಲ್ಲಿಟ್ಟು ಮಾಡುತ್ತೀರಿ. ಮೊದಲು ಯಾವ ನಂಬರಿನ ಕನ್ನಡಕ ಇತ್ತು. ಸಕ್ಕರೆ ಇದೆಯಾ, ಕಣ್ಣಿನ ಒತ್ತಡ ಇದೆಯಾ, ಕಣ್ಣಿನ ಹಿಂದಿನ ಪರದೆ ಸರಿ ಇದೆ ಅಂತ ಡಾಕ್ಟರು ಹೇಳಿದ್ದಾರಾ. ಯಾಕೆಂದರೆ ಪರದೆಗೆ ಅಥವಾ ನರಕ್ಕೆ ತೊಂದರೆ ಇದ್ದವರಿಗೆ ಬೆಳಕು ಪಾಲು ಮಾಡುವ ಲೆನ್ಸ್ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಯಾವ ಮಾತ್ರೆ ನುಂಗುತ್ತೀರಿ. ಓದುವಾಗ ಕನ್ನಡಕ ಹಾಕುವುದು ನಿಮಗೆ ನಿಜವಾಗಿ ಕಷ್ಟವಾ? ಈ ಕೊನೆಯದನ್ನು ನನಗೆ ಕೇಳಿದ್ದರೆ, 40 ವರ್ಷದಿಂದ ಹಾಕುತ್ತಿದ್ದೇನೆ, ಕಿವಿಗೆ ಅಭ್ಯಾಸವಾಗಿದೆ ಅನ್ನುತ್ತಿದ್ದೆ.

ಹಾಳೆ ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಲಿ. ನಮ್ಮ ಜಿಲ್ಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ, ಕುರುಬರ ಮಾತು, ಈಚೆಗೆ ತೋಟಗಳಲ್ಲಿ ಅಸ್ಸಾಮಿನವರ ಮಾತು ಕೂಡ. ಎಲ್ಲದರಲ್ಲೂ ಅಚ್ಚು ಹಾಕಿಸಿ ಅಂತ ಕೇಳುತ್ತಿಲ್ಲ. ಬಾಯಲ್ಲಿ ಹೇಳಿದರೆ ಸಾಕು. ಸಹಿ ಹಾಕಿಸುವ ಒಪ್ಪಿಗೆ ಪತ್ರ ಮಾತ್ರ ಕನ್ನಡದಲ್ಲಿ ಇರಲೇಬೇಕು.

ಸಾದಾ ಲೆನ್ಸ್ ಕೂಡ ಜೀವಮಾನವಿಡೀ ಬಾಳುತ್ತದೆ ಅಂತ ಅದೇ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಸಿ. 'ಒಂದೆರಡು ವರ್ಷಕ್ಕೆ ಮತ್ತೆ ಪೊರೆ ಬಂತು, ಕಡಿಮೆ ಬೆಲೆಯ ಲೆನ್ಸ್ ಹಾಕಿದ್ದಕ್ಕೆ' ಅಂತ ಹೇಳುವವರಿದ್ದಾರೆ. ಪೊರೆ ಮತ್ತೆ ಬರುವುದಿಲ್ಲ. ಲೆನ್ಸ್ ಕೂರಿಸಿದ ಚೀಲ ಕೆಲವರಿಗೆ ಮಬ್ಬಾಗುತ್ತದೆ, ಬೆಲೆಯ ಲೆನ್ಸ್ ಹಾಕಿದವರಿಗೂ ಆಗುತ್ತದೆ. ಅದಕ್ಕೆ ಯಾಗ್ ಲೇಸರ್ ಅಂತ ಐದು ನಿಮಿಷದ ಕೆಲಸ. ಹಳದಿ ಬಣ್ಣದ ಲೆನ್ಸ್ ಪರದೆಯನ್ನು ಕಾಪಾಡುತ್ತದೆ ಅಂತಲೂ ಮಾರುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಲೆನ್ಸಿನ ಡಬ್ಬಿಯೊಳಗೆ ಸ್ಟಿಕ್ಕರ್‌ಗಳು ಬರುತ್ತವೆ. ಕಂಪನಿ, ಮಾದರಿ, ನಂಬರ್, ಸೀರಿಯಲ್ ನಂಬರ್ ಎಲ್ಲ ಅದರಲ್ಲಿ ಇರುತ್ತದೆ. ಒಂದನ್ನು ಆಸ್ಪತ್ರೆ ಕಡತಕ್ಕೆ ಅಂಟಿಸುತ್ತಾರೆ. ಇನ್ನೊಂದನ್ನು ಅಂಟಿಸಿದ ಕಾರ್ಡು ರೋಗಿಯ ಕೈಗೆ ಹೋಗಲೇಬೇಕು, ಶಿಬಿರದವರಿಗೂ ಕೂಡ. ನನ್ನ ಬಲಗಣ್ಣಿನ ಕಾರ್ಡಿಗೆ ಎರಡು ಸಲ ಓಡಾಡಬೇಕಾಯಿತು. ದನಕ್ಕೂ ಕಿವಿಗೆ ನಂಬರ್ ಹಾಕುವ ಕಾಲದಲ್ಲಿ, ಕಣ್ಣಿನೊಳಗೆ ಏನಿದೆ ಅಂತ ಗೊತ್ತಿಲ್ಲದೆ ಎಷ್ಟು ಜನ ಓಡಾಡುತ್ತಿದ್ದಾರೋ.

ಇನ್ನು ಆಮೇಲಿನ ತಪಾಸಣೆ. ಆಪರೇಷನ್ ಆದ ಮೇಲೆ ನಾಲ್ಕಾರು ವಾರ ಹನಿ ಹಾಕಬೇಕು, ನಡುವೆ ಎರಡು ಮೂರು ಸಲ ತೋರಿಸಬೇಕು. ಬಿರುನಾಣಿಯ ಅಜ್ಜಿ ಜುಲೈ ತಿಂಗಳಲ್ಲಿ ಮರ ಬಿದ್ದ ರಸ್ತೆಯಲ್ಲಿ ಮೈಸೂರಿಗೆ ಹೇಗೆ ಹೋಗುತ್ತಾರೆ? ರೈಲಂತೂ ನಮ್ಮ ಜಿಲ್ಲೆಯಲ್ಲೇ ಇಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ವಾರದಲ್ಲಿ ಒಂದು ದಿನ ಕಣ್ಣು ನೋಡುವವರು ಸಿಗುವ ಹಾಗೆ ಮಾಡಿ. ಕಣ್ಣು ಕೆಂಪಾಗಿ ನೋವು ಜಾಸ್ತಿಯಾದರೆ, ಕಾಣುತ್ತಿದ್ದದ್ದು ಮಂಕಾದರೆ, ಅದೇ ದಿನ ಹೊರಡಬೇಕು ಅನ್ನುವುದೂ ಆ ಹಾಳೆಯಲ್ಲಿ ಇರಲಿ. ಒಳಗೆ ಸೋಂಕು ಆಗುವುದು ಅಪರೂಪ. ಆದರೆ ಆದಾಗ 'ನಾಳೆ ನೋಡೋಣ' ಅಂದರೆ ಕಣ್ಣು ಕೈಬಿಟ್ಟು ಹೋಗುತ್ತದೆ.

ಬೆಲೆಯ ವಿಷಯ ನಿಮ್ಮ ಕೈಯಲ್ಲಿ ಇಲ್ಲ ಅಂತ ಗೊತ್ತು. ಆದರೂ ಮೇಲಿನವರಿಗೆ ಒಂದು ಮಾತು ಬರೆಯಿರಿ. 2017ರಲ್ಲಿ ಹೃದಯದ ಸ್ಟೆಂಟ್‌ಗೆ ಬೆಲೆ ಮಿತಿ ಬಂತು. ಅದೇ ವರ್ಷ ಮೊಣಕಾಲಿಗೆ ಹಾಕುವ ಕೃತಕ ಕೀಲಿಗೂ ಬಂತು. ಕಣ್ಣು ಯಾವ ಪಾಪ ಮಾಡಿತ್ತು?

ನಮ್ಮ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾದವರು ಮನೆಗೊಬ್ಬರು ಅನ್ನುವಷ್ಟಿದ್ದಾರೆ. ಅವರಿಗೆ ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್ ಇದೆ. ಬೇರೆಯವರಿಗೆ ಖಾಸಗಿ ವಿಮೆ ಇದೆ. ಯಾವುದು ಎಷ್ಟು ಕೊಡುತ್ತದೆ, ಅದರ ಮೇಲೆ ಕೈಯಿಂದ ಎಷ್ಟು ಹಾಕಬೇಕು ಅನ್ನುವುದನ್ನು ಸಹಿಗೆ ಮೊದಲೇ ಕಾಗದದಲ್ಲಿ ಬರೆದು ಕೊಡಲು ಆಸ್ಪತ್ರೆಗಳಿಗೆ ಹೇಳಿ. ನನಗೆ ಬಿಲ್ಲು ಗೊತ್ತಾದದ್ದು ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ. ಆಗಲೂ ಹೆಂಡತಿ ಓದಿ ಹೇಳಬೇಕಾಯಿತು.

ಆ ಒಂದು ಪುಟದ ಕರಡನ್ನು ನಾನೇ ಬರೆದಿದ್ದೇನೆ. ಮೇಷ್ಟ್ರು ಕಾಗುಣಿತ ತಿದ್ದಿದ್ದಾರೆ. ಅತ್ತಿಗೆ ಎರಡು ಪ್ರಶ್ನೆ ಸೇರಿಸಿದ್ದಾರೆ. ಅಕ್ಕ, ಅಕ್ಷರ ಇನ್ನೂ ದೊಡ್ಡದು ಮಾಡು ಅಂದಳು, ಮಾಡಿದ್ದೇನೆ. ಮುಂದಿನ ಸೋಮವಾರ ಮಡಿಕೇರಿಗೆ ಬಂದಾಗ ನಿಮ್ಮ ಕಚೇರಿಯಲ್ಲಿ ಕೊಟ್ಟು ಹೋಗುತ್ತೇನೆ. ವೈದ್ಯಕೀಯ ತಪ್ಪಿದ್ದರೆ ನಿಮ್ಮ ಕಣ್ಣಿನ ಡಾಕ್ಟರು ಕೆಂಪು ಶಾಯಿಯಲ್ಲಿ ತಿದ್ದಲಿ. ಹಣ್ಣು ಕೊಯ್ಲು ಶುರುವಾಗುವ ಮೊದಲು ಅಚ್ಚಾದರೆ ಚೆನ್ನ. ಆಮೇಲೆ ನಮಗ್ಯಾರಿಗೂ ಪುರುಸೊತ್ತು ಇರುವುದಿಲ್ಲ. ಬೆಳಕಿರುವಾಗಲೇ ಬಂದು ಹೋಗುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಚೇರಂಬಾಣೆ ಕಡೆಯ ಒಬ್ಬ ಕಾಫಿ ಬೆಳೆಗಾರ